ಎರಡನೇ ಗುಂಡಿನ ಲೆಕ್ಕ

ಎನ್‌ಸಿಇಆರ್‌ಟಿಯ ಒಂಬತ್ತನೇ ತರಗತಿ ವಿಜ್ಞಾನ ಪುಸ್ತಕ ಓದಿದವರಿಗೆ ಒಂದು ಪಿಸ್ತೂಲಿನ ಲೆಕ್ಕ ನೆನಪಿರಬಹುದು. ಪಿಸ್ತೂಲಿನ ತೂಕ 2 ಕಿಲೋ, ಗುಂಡು 20 ಗ್ರಾಂ. ಗುಂಡು ಸೆಕೆಂಡಿಗೆ 150 ಮೀಟರ್ ವೇಗದಲ್ಲಿ ಹೊರಟರೆ ಪಿಸ್ತೂಲು ಎಷ್ಟು ವೇಗದಲ್ಲಿ ಹಿಂದಕ್ಕೆ ಬರುತ್ತದೆ? ಸಂವೇಗದ ನಿಯಮ ಗೊತ್ತಿದ್ದರೆ ಎರಡು ಸಾಲಿನ ಕೆಲಸ: ಸೆಕೆಂಡಿಗೆ ಒಂದೂವರೆ ಮೀಟರ್. ಮೇಷ್ಟ್ರು ಟಿಕ್ ಹಾಕಿ ಮುಂದಿನ ಲೆಕ್ಕಕ್ಕೆ ಹೋಗುತ್ತಾರೆ. ಮಕ್ಕಳ ಮಟ್ಟಕ್ಕೆ ಅಷ್ಟು ಸಾಕು. ಆದರೆ ಆ ಲೆಕ್ಕದಲ್ಲಿ ಒಂದು ಬಾಬತ್ತು ಬಿಟ್ಟುಹೋಗಿದೆ. ಗುಂಡನ್ನು ತಳ್ಳುವುದು ಸುಟ್ಟ ಮದ್ದಿನ ಗ್ಯಾಸ್. ಅದಕ್ಕೂ ತೂಕವಿದೆ, ಗುಂಡಿನ ಬೆನ್ನಿಗೇ ಅದೂ ನಳಿಗೆಯಿಂದ ಮುಂದಕ್ಕೆ ನುಗ್ಗುತ್ತದೆ. ಅದರ ಪಾಲಿನ ಒದೆತವನ್ನೂ ಕೈಯೇ ತಿನ್ನಬೇಕು.

ಪಠ್ಯಪುಸ್ತಕ ಬಿಟ್ಟ ಈ ಬಾಬತ್ತಿನ ಮೇಲೆ ಅಮೆರಿಕದಲ್ಲಿ ಒಂದು ಕಸುಬೇ ನಿಂತಿದೆ. ನಳಿಗೆಯ ಮೂತಿಯ ಹತ್ತಿರ, ಮೇಲ್ಭಾಗದಲ್ಲಿ ಸಣ್ಣ ಕಿಂಡಿಗಳನ್ನು ಕೊರೆಯುತ್ತಾರೆ. ಗುಂಡು ಆ ಕಿಂಡಿಗಳನ್ನು ದಾಟಿದ ಕೂಡಲೇ ಹಿಂದಿರುವ ಗ್ಯಾಸಿನಲ್ಲಿ ಒಂದು ಪಾಲು ಮೇಲಕ್ಕೆ ಚಿಮ್ಮುತ್ತದೆ. ಗ್ಯಾಸ್ ಮೇಲಕ್ಕೆ ಹೋದರೆ ಮೂತಿ ಕೆಳಕ್ಕೆ ಒತ್ತಬೇಕು. ಅದೂ ನ್ಯೂಟನ್ನನದೇ ನಿಯಮ. ಇದಕ್ಕೆ ಪೋರ್ಟಿಂಗ್ ಅನ್ನುತ್ತಾರೆ. ಬಂದೂಕಿನಂಗಡಿಯ ಗಾಜಿನ ಪೆಟ್ಟಿಗೆಯೊಳಗೆ ನೋಡಿದರೆ ಕಿಂಡಿ ಕೊರೆದ ಪಿಸ್ತೂಲು ಕಾರಿಗೆ ಸ್ಪಾಯ್ಲರ್ ಹಾಕಿಸಿದಷ್ಟು ಠೀವಿಯಿಂದ ಕೂತಿರುತ್ತದೆ. ಬೆಲೆಯೂ ಹೆಚ್ಚು. ಆ ಹೆಚ್ಚುವರಿ ದುಡ್ಡಿಗೆ ಕೈಗೆ ಸಿಗುವ ಸುಖ ಎಷ್ಟು ಎಂಬ ಜಗಳ ಅಲ್ಲಿ ಐವತ್ತು ವರ್ಷದಿಂದ ನಡೆದಿದೆ.

ಜಗಳ ಮುಗಿಯದಿರಲು ಕಾರಣ ಸರಳ. ಇಬ್ಬರೂ ಬೇರೆ ಬೇರೆ ಪಿಸ್ತೂಲು ಹಿಡಿದು ವಾದಿಸುತ್ತಾರೆ.

ಪಠ್ಯಪುಸ್ತಕದ ಲೆಕ್ಕವನ್ನೇ ಸ್ವಲ್ಪ ಮುಂದುವರಿಸೋಣ. ಇವತ್ತು ಜಗತ್ತಿನ ಬಹುಪಾಲು ಪೊಲೀಸರ ಸೊಂಟದಲ್ಲಿರುವ 9 ಎಂಎಂ ಪಿಸ್ತೂಲಿನ ಗುಂಡು ಸುಮಾರು 8 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 350 ಮೀಟರ್. ಗುಣಿಸಿದರೆ ಸಂವೇಗ 2.8. ಮದ್ದು ಒಂದು ಗ್ರಾಮಿನ ಮೂರನೇ ಒಂದು ಭಾಗದಷ್ಟು. ಗ್ಯಾಸ್ ಎಷ್ಟು ವೇಗದಲ್ಲಿ ಹೊರಡುತ್ತದೆ? ಅಮೆರಿಕದ ಶಸ್ತ್ರ ತಯಾರಕರಿಗೆ ಮಾನದಂಡ ಹಾಕಿಕೊಡುವ 'ಸಾಮಿ' ಎಂಬ ಸಂಸ್ಥೆಯ ಸೂತ್ರದಲ್ಲಿ, ಪಿಸ್ತೂಲು ಮತ್ತು ರಿವಾಲ್ವರ್‌ಗಳಿಗೆ ಗ್ಯಾಸಿನ ಸರಾಸರಿ ವೇಗವನ್ನು ಗುಂಡಿನ ವೇಗದ ಒಂದೂವರೆ ಪಟ್ಟು ಎಂದು ಹಿಡಿಯುತ್ತಾರೆ. ಆ ಲೆಕ್ಕದಲ್ಲಿ ಗ್ಯಾಸಿನ ಪಾಲು 0.2ಕ್ಕೂ ಕಡಿಮೆ. ಅಂದರೆ 9 ಎಂಎಂ ಪಿಸ್ತೂಲಿನ ಒಟ್ಟು ಒದೆತದಲ್ಲಿ ಗ್ಯಾಸಿನದು ನೂರಕ್ಕೆ ಆರು. ಉಳಿದ ತೊಂಬತ್ನಾಲ್ಕು ಗುಂಡಿನದೇ. ಗುಂಡಿನ ಪಾಲನ್ನು ಯಾವ ಕಿಂಡಿಯೂ ಮುಟ್ಟಲಾರದು.

ಇದೇ ಲೆಕ್ಕವನ್ನು ಹಳೆಯ .45 ಎಸಿಪಿಗೆ ಹಾಕಿದರೆ ಗ್ಯಾಸಿನ ಪಾಲು ನೂರಕ್ಕೆ ಮೂರಕ್ಕೆ ಇಳಿಯುತ್ತದೆ. ಗುಂಡು 15 ಗ್ರಾಂ, ವೇಗ 260 ಮೀಟರ್. ತೂಕದ ಗುಂಡು, ನಿಧಾನದ ನಡಿಗೆ, ಮದ್ದು ಮಾತ್ರ 9 ಎಂಎಂಗಿಂತ ಹೆಚ್ಚಿಲ್ಲ. ಕಿಂಡಿಗೆ ಅಲ್ಲಿ ಕೆಲಸವೇ ಸಿಗುವುದಿಲ್ಲ. .44 ಮ್ಯಾಗ್ನಮ್ ರಿವಾಲ್ವರ್‌ಗೆ ಬನ್ನಿ. ಹೆಚ್ಚುಕಡಿಮೆ ಅದೇ ತೂಕದ ಗುಂಡು 425 ಮೀಟರ್ ವೇಗದಲ್ಲಿ ಓಡುತ್ತದೆ, ಅದರ ಹಿಂದೆ ಒಂದೂವರೆ ಗ್ರಾಂ ಮದ್ದು ಉರಿಯುತ್ತದೆ. ಗ್ಯಾಸಿನ ಪಾಲು ನೂರಕ್ಕೆ ಹನ್ನೆರಡರಿಂದ ಹದಿಮೂರು. ಹೀಗಾಗಿ .45 ಹಿಡಿದವನು 'ಇದೆಲ್ಲ ಬರೀ ಶೋಕಿ' ಅಂದರೆ ಅವನ ಮಾತೂ ನಿಜ, .44 ಹಿಡಿದವನು 'ಕೈ ಉಳಿಯಿತು ಮಾರಾಯ' ಅಂದರೆ ಅವನ ಮಾತೂ ನಿಜ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕೈಗೆ ತಾಗುವ ಒದೆತದಲ್ಲಿ ಎರಡು ಬಗೆ. ಒಂದು ನೇರವಾಗಿ ಹಿಂದಕ್ಕೆ ಬರುವ ತಳ್ಳು. ಇನ್ನೊಂದು ಮೂತಿ ಆಕಾಶದ ಕಡೆಗೆ ಎಗರುವುದು. ಕೊಡಗಿನಲ್ಲಿ ಕೈಲ್ ಪೊಳ್ದ್ ಹಬ್ಬದಲ್ಲಿ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಟ್ಟವರಿಗೆ ಮೊದಲನೆಯದು ಚೆನ್ನಾಗಿ ಗೊತ್ತು, ಏಕೆಂದರೆ ಉದ್ದ ಕೋವಿಯ ಹಿಂಬದಿಗೆ ಹೆಗಲಿದೆ. ಪಿಸ್ತೂಲಿಗೆ ಆ ಹೆಗಲಿಲ್ಲ. ನಳಿಗೆ ಇರುವುದು ಮುಷ್ಟಿಯ ಮೇಲೆ, ಹಿಡಿ ಕೆಳಗೆ. ಮೇಲಿನಿಂದ ಬಂದ ತಳ್ಳು ಮಣಿಕಟ್ಟಿನ ಸುತ್ತ ತಿರುಗಿ ಮೂತಿಯನ್ನು ಎತ್ತುತ್ತದೆ. ನಳಿಗೆಯ ನೇರ ಕೈಯಿಂದ ಎಷ್ಟು ಮೇಲಿದೆಯೋ ಅಷ್ಟು ಎಗರು ಜಾಸ್ತಿ.

ಕಿಂಡಿಗಳು ಮಾಡುವ ಕೆಲಸ ಮುಖ್ಯವಾಗಿ ಈ ಎರಡನೆಯದರ ಮೇಲೆ. ಅವು ಇರುವುದು ಮೂತಿಯ ಬಳಿ, ಕೈಯಿಂದ ಒಂದು ಗೇಣು ಮುಂದೆ. ಸನ್ನೆಗೋಲಿನ ಉದ್ದ ಅವುಗಳ ಪರವಾಗಿದೆ. 9 ಎಂಎಂನ ಗ್ಯಾಸಿನಲ್ಲಿ ಅರ್ಧ ಮೇಲಕ್ಕೆ ತಿರುಗಿತು ಅಂತ ಉದಾರವಾಗಿ ಇಟ್ಟುಕೊಳ್ಳಿ. ಹಿಂದಕ್ಕೆ ಬರುವ ತಳ್ಳು ನೂರಕ್ಕೆ ಮೂರು ಕಡಿಮೆಯಾಗುತ್ತದೆ. ಅದು ಯಾವ ಕೈಗೂ ಗೊತ್ತಾಗುವಂಥದ್ದಲ್ಲ. ಆದರೆ ಹದಿನೈದು ಸೆಂಟಿಮೀಟರ್ ಮುಂದೆ ನಿಂತು ಕೆಳಕ್ಕೆ ಒತ್ತುವುದರಿಂದ ಮೂತಿಯ ಎಗರು ನೂರಕ್ಕೆ ಹತ್ತರ ಆಸುಪಾಸಿನಲ್ಲಿ ತಗ್ಗಬಹುದು. ಉದ್ದ ನಳಿಗೆಯ .44ರಲ್ಲಿ ಅದೇ ಲೆಕ್ಕ ನೂರಕ್ಕೆ ಇಪ್ಪತ್ತರ ಹತ್ತಿರ ಬರುತ್ತದೆ. ಇದೆಲ್ಲ ಕಾಗದದ ಮೇಲಿನ ಅಂದಾಜು, ಆದರೆ ದಿಕ್ಕು ಸರಿಯಾಗಿದೆ: ಪೋರ್ಟಿಂಗ್‌ನಿಂದ ಪಿಸ್ತೂಲಿನ ಏಟು ಮೆತ್ತಗಾಗುವುದು ಕಡಿಮೆ, ಕುಣಿತ ನಿಲ್ಲುವುದು ಹೆಚ್ಚು. 'ಕೈ ನೋವು ಕಡಿಮೆಯಾಗಲಿ' ಅಂತ ದುಡ್ಡು ಕೊಟ್ಟವನು ಬೇಸರಪಟ್ಟುಕೊಳ್ಳುವುದು ಇದಕ್ಕೇ.

ಇನ್ನು ಕಾಲದ ಲೆಕ್ಕ. ಟ್ರಿಗರ್ ಎಳೆದು ಮದ್ದು ಹೊತ್ತಿದ ಮೇಲೆ ಗುಂಡು ನಳಿಗೆಯೊಳಗೆ ಇರುವುದು ಒಂದು ಸೆಕೆಂಡಿನ ಸಾವಿರದಲ್ಲೊಂದು ಭಾಗ, ಕೆಲವೊಮ್ಮೆ ಅದರ ಅರ್ಧ. ಅಷ್ಟರೊಳಗೆ ಪಿಸ್ತೂಲಿನ ಸ್ಲೈಡ್, ಅಂದರೆ ಮೇಲಿನ ಜಾರುವ ಭಾಗ, ಎರಡು ಮೂರು ಮಿಲಿಮೀಟರ್ ಹಿಂದೆ ಸರಿದಿದ್ದರೆ ಹೆಚ್ಚು. ಕಣ್ಣಿಗೆ ಕಾಣುವ ಎಗರು, ಮಣಿಕಟ್ಟಿಗೆ ತಾಗುವ ಏಟು ಎಲ್ಲ ಆಮೇಲಿನದು. ಗುಂಡು ಆಗಲೇ ಹೊರಟುಹೋಗಿದೆ, ಎಲ್ಲಿ ತಾಗಬೇಕೋ ಅದು ತೀರ್ಮಾನವಾಗಿದೆ. ಹಾಗಾಗಿ ನಳಿಗೆಯ ಕಿಂಡಿ ಮೊದಲನೇ ಗುಂಡಿನ ಗುರಿಯನ್ನು ಸುಧಾರಿಸುವುದಿಲ್ಲ. ಅದು ದುಡಿಯುವುದೆಲ್ಲ ಎರಡನೇ ಗುಂಡಿಗಾಗಿ. ಮೂತಿ ಬೇಗ ಗುರಿಗೆ ಮರಳಿದರೆ ಎರಡನೇ ಗುಂಡು ಬೇಗ ಹೋಗುತ್ತದೆ, ಅಷ್ಟೇ. ಎರಡನೇ ಗುಂಡನ್ನು ಅವಸರದಲ್ಲಿ ಹೊಡೆಯುವ ಅಗತ್ಯವೇ ಇಲ್ಲದವನಿಗೆ ಇದರ ಉಪಯೋಗ ಅರ್ಧಕ್ಕರ್ಧ ಬಿದ್ದುಹೋಯಿತು.

ಎರಡನೇ ಗುಂಡಿನ ಅವಸರ ಮೊದಲು ಬಂದದ್ದು ಎಡೆಬಿಡದೆ ಗುಂಡು ಸುರಿಸುವ ಬಂದೂಕುಗಳಿಗೆ. ಅಮೆರಿಕದ ಮರೀನ್ ಸೇನೆಯ ಅಧಿಕಾರಿ ರಿಚರ್ಡ್ ಕಟ್ಸ್ 1920ರ ದಶಕದಲ್ಲಿ ಮೂತಿಗೆ ಸಿಕ್ಕಿಸುವ, ಮೇಲ್ಗಡೆ ಸೀಳುಗಳಿರುವ ಒಂದು ಕೊಳವೆ ಮಾಡಿದರು. ಥಾಂಪ್ಸನ್ ಸಬ್‌ಮಷೀನ್ ಗನ್ನಿನ 1928ರ ಮಾದರಿಯ ತುದಿಯಲ್ಲಿ ಕಾಣುವ ಸೀಳುಗಳು ಅವೇ. ಹಳೆಯ ಗ್ಯಾಂಗ್‌ಸ್ಟರ್ ಸಿನಿಮಾ ನೋಡಿದವರೆಲ್ಲ ಅದನ್ನು ನೋಡಿದ್ದಾರೆ. ರಷ್ಯನ್ನರು 1959ರಲ್ಲಿ ತಂದ ಎಕೆಎಂ ರೈಫಲ್ಲಿನ ಮೂತಿಯನ್ನು ಓರೆಯಾಗಿ ಕತ್ತರಿಸಿದಂತೆ ಇರುವುದೂ ಇದೇ ಕಾರಣಕ್ಕೆ. ಮೂತಿ ಮೇಲಕ್ಕೆ ಮತ್ತು ಬಲಕ್ಕೆ ಎಳೆಯುತ್ತಿತ್ತು, ಓರೆ ತುಟಿ ಗ್ಯಾಸನ್ನು ಆ ಕಡೆಗೇ ಎಸೆದು ಅದನ್ನು ಸರಿದೂಗಿಸಿತು. ಖರ್ಚು ನಾಲ್ಕು ಕಾಸು.

ಪಿಸ್ತೂಲು, ರಿವಾಲ್ವರ್‌ಗಳಲ್ಲಿ ಇದನ್ನು ಮನೆಮಾತಾಗಿಸಿದವರು ಮಿಶಿಗನ್ ರಾಜ್ಯದ ಲ್ಯಾರಿ ಕೆಲಿ. ದೊಡ್ಡ ರಿವಾಲ್ವರ್ ಹಿಡಿದು ಬೇಟೆಗೆ ಹೋಗುವ ಹುಚ್ಚಿದ್ದ ಮನುಷ್ಯ. ಲೋಹವನ್ನು ವಿದ್ಯುತ್ ಕಿಡಿಯಿಂದ ತಿನ್ನಿಸಿ ಕೊರೆಯುವ ವಿಧಾನ ಅವರಿಗೆ ಗೊತ್ತಿತ್ತು. ನಮ್ಮ ಪೀಣ್ಯದ ಟೂಲ್‌ರೂಮುಗಳಲ್ಲಿ ಇಡಿಎಂ ಮೆಷಿನ್ ಅನ್ನುತ್ತಾರಲ್ಲ, ಅದೇ. 1970ರ ದಶಕದಲ್ಲಿ ಅವರು 'ಮ್ಯಾಗ್-ನಾ-ಪೋರ್ಟ್' ಅಂತ ಅಂಗಡಿ ತೆರೆದರು. ಡ್ರಿಲ್ ಬಿಟ್ಟಿನಿಂದ ನಳಿಗೆ ಕೊರೆದರೆ ಒಳಮೈಯಲ್ಲಿ ಚೂಪಾದ ಅಂಚು ಏಳುತ್ತದೆ. ನಳಿಗೆಯೊಳಗಿನ ಸುರುಳಿ ಗೆರೆಗಳ ಮೇಲೆ ಹಾದುಹೋಗುವ ಪ್ರತಿ ಗುಂಡೂ ಅಲ್ಲಿ ಒಂದಿಷ್ಟು ತೊಗಟೆ ಬಿಟ್ಟು ಹೋಗುತ್ತದೆ. ಕಿಡಿಯ ಕೊರೆತದಲ್ಲಿ ಆ ತಾಪತ್ರಯವಿಲ್ಲ. ನಳಿಗೆಯನ್ನು ಎಣ್ಣೆಯಂಥ ದ್ರವದಲ್ಲಿ ಮುಳುಗಿಸಿ, ಬೇಕಾದ ಆಕಾರದ ಎಲೆಕ್ಟ್ರೋಡನ್ನು ಅದರ ಹತ್ತಿರ ತರುತ್ತಾರೆ, ಮುಟ್ಟಿಸುವುದಿಲ್ಲ. ಮಧ್ಯದ ಕೂದಲೆಳೆಯಷ್ಟು ಜಾಗದಲ್ಲಿ ಕಿಡಿಗಳು ಹಾರಿ ಹಾರಿ ಲೋಹವನ್ನು ಪುಡಿ ಪುಡಿಯಾಗಿ ಕಿತ್ತು ತೆಗೆಯುತ್ತವೆ. ಕೊನೆಗೆ ಉಳಿಯುವುದು ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದಾದ ಸೀಳು. ಅಂಚಿನಲ್ಲಿ ಒಂದು ಮುಳ್ಳೂ ಇರದು, ಸುತ್ತಲಿನ ನೀಲಿ ಪಾಲಿಷ್ ಕೂಡ ಹಾಗೇ ಇರುತ್ತದೆ. ಮುಂದಿನ ಗುರಿಮೊನೆಯ ಎರಡೂ ಪಕ್ಕದಲ್ಲಿ ಒಂದೊಂದು. ನೋಡಲು ಚೆಂದ ಅನ್ನುವುದನ್ನು ವಿರೋಧಿಗಳೂ ಒಪ್ಪುತ್ತಾರೆ.

ಕೆಲಿಯ ಗಿರಾಕಿಗಳು ಯಾರೆಂದು ನೋಡಿ: ಮ್ಯಾಗ್ನಮ್ ರಿವಾಲ್ವರ್ ಹಿಡಿಯುವ ಬೇಟೆಗಾರರು. ಮದ್ದು ಹೆಚ್ಚು, ನಳಿಗೆ ಉದ್ದ, ಗ್ಯಾಸಿನ ಪಾಲು ದೊಡ್ಡದು. ಕಿಂಡಿ ಕೆಲಸ ಮಾಡಲು ಬೇಕಾದ ಎಲ್ಲವೂ ಅಲ್ಲಿತ್ತು. ಸ್ಮಿತ್ ಅಂಡ್ ವೆಸನ್ ಕಂಪನಿ 2003ರಲ್ಲಿ .500 ಮ್ಯಾಗ್ನಮ್ ತಂದಾಗ ಅದರ ಮೂತಿಗೆ ಕಾರ್ಖಾನೆಯಲ್ಲೇ ಗ್ಯಾಸ್ ತಿರುಗಿಸುವ ಕಾಂಪೆನ್ಸೇಟರ್ ಕೂರಿಸಿತ್ತು. ಆ ರಿವಾಲ್ವರಿನ ತೂಕ 2 ಕಿಲೋ. ಪಠ್ಯಪುಸ್ತಕದ ಪಿಸ್ತೂಲು ಕೊನೆಗೂ ಅಂಗಡಿಗೆ ಬಂತು ಅನ್ನಬಹುದು. ಆದರೆ ಪುಸ್ತಕದ ಪಿಸ್ತೂಲು ಸೆಕೆಂಡಿಗೆ ಒಂದೂವರೆ ಮೀಟರ್ ವೇಗದಲ್ಲಿ ಹಿಂದೆ ಬಂದರೆ ಇದು ಏಳು ಮೀಟರ್ ದಾಟುತ್ತದೆ. ಮೊದಲ ಸಲ ಹಿಡಿದವರ ಹಣೆಗೆ ಅದರ ನಳಿಗೆ ಬಡಿದ ವಿಡಿಯೊಗಳಿಗೆ ಲೆಕ್ಕವಿಲ್ಲ. ಗೆಳೆಯರನ್ನು ನಗಿಸಲೆಂದು ಹೊಸಬರ ಕೈಗೆ ಇಂಥದ್ದನ್ನು ಕೊಡುವ ಖಯಾಲಿ ಅಲ್ಲಿನ ಕೆಲವರಿಗಿದೆ. ಟೆಕ್ಸಾಸಿನಲ್ಲೋ ಅರಿಜೋನಾದಲ್ಲೋ ಇರುವ ನಮ್ಮ ಹುಡುಗರು ವೀಕೆಂಡಿಗೆ ರೇಂಜಿಗೆ ಹೋದಾಗ ಇದನ್ನು ನೆನಪಿಟ್ಟುಕೊಂಡರೆ ಒಳ್ಳೆಯದು.

ಗ್ಯಾಸನ್ನು ಪಳಗಿಸುವ ವಿದ್ಯೆಯನ್ನು ತುತ್ತತುದಿಗೆ ಒಯ್ದವರು ಮಾತ್ರ ಬೇಟೆಗಾರರಲ್ಲ, ಓಡುತ್ತಾ ಹೊಡೆಯುವ ಆಟಗಾರರು. 1976ರಲ್ಲಿ ಮಿಸೌರಿಯ ಕೊಲಂಬಿಯಾದಲ್ಲಿ ಐಪಿಎಸ್‌ಸಿ ಎಂಬ ಒಕ್ಕೂಟ ಹುಟ್ಟಿತು. ಜೆಫ್ ಕೂಪರ್ ಮೊದಲ ಅಧ್ಯಕ್ಷ. ಗುರಿ, ವೇಗ, ಬಲ ಮೂರಕ್ಕೂ ಅಂಕ ಕೊಡುವ ಆಟ. ಬಲ ಅಳೆಯಲು ಒಂದು ಸೂತ್ರ ಮಾಡಿದರು: ಗುಂಡಿನ ತೂಕವನ್ನು ಗ್ರೇನ್‌ಗಳಲ್ಲಿ, ವೇಗವನ್ನು ಸೆಕೆಂಡಿಗೆ ಇಷ್ಟು ಅಡಿ ಎಂದು ಅಳೆದು, ಗುಣಿಸಿ ಸಾವಿರದಿಂದ ಭಾಗಿಸಿ. ಬಂದ ಸಂಖ್ಯೆ ಒಂದು ಮಿತಿ ದಾಟಿದರೆ 'ಮೇಜರ್'. ಒಕ್ಕೂಟದ ಅಮೆರಿಕ ಶಾಖೆಯಾದ ಯುಎಸ್‌ಪಿಎಸ್‌ಎಯಲ್ಲಿ ಈಗ ಆ ಮಿತಿ 165. ದಾಟಿದವನಿಗೆ ಗುರಿಯ ನಡುವೃತ್ತದ ಆಚೆ ಬಿದ್ದ ಗುಂಡಿಗೂ ಹೆಚ್ಚು ಅಂಕ.

ಚತುರರು ಈ ಸೂತ್ರದಲ್ಲಿ ಒಂದು ಸಂದು ಕಂಡರು. ಸೂತ್ರ ಎಣಿಸುವುದು ಗುಂಡಿನ ಸಂವೇಗವನ್ನು ಮಾತ್ರ, ಗ್ಯಾಸನ್ನು ಎಣಿಸುವುದಿಲ್ಲ. ಥೇಟ್ ನಮ್ಮ ಪಠ್ಯಪುಸ್ತಕದ ಹಾಗೆ. ಹಾಗಿದ್ದರೆ ತೂಕದ ಗುಂಡನ್ನು ನಿಧಾನವಾಗಿ ಕಳಿಸುವ .45 ಏಕೆ? ಹಗುರ ಗುಂಡು ತೆಗೆದುಕೊಂಡು, ಅದರ ಹಿಂದೆ ನಿಧಾನವಾಗಿ ಉರಿಯುವ ಮದ್ದನ್ನು ತೋಟಾದ ತುಂಬ ತುರುಕಿ, ವೇಗ ಏರಿಸಿ ಅದೇ ಮಿತಿ ಮುಟ್ಟಬಹುದು. ಒದೆತ ಇನ್ನಷ್ಟು ಹೆಚ್ಚುತ್ತದೆ, ನಿಜ. ಆದರೆ ಹೆಚ್ಚಾದ ಪಾಲೆಲ್ಲ ಗ್ಯಾಸು. ಮೂತಿಗೆ ಕಾಂಪೆನ್ಸೇಟರ್ ಕೂರಿಸಿದರೆ ಆ ಹೆಚ್ಚುವರಿ ಗ್ಯಾಸೇ ಆಳಾಗಿ ದುಡಿಯುತ್ತದೆ. 1980ರ ದಶಕದಲ್ಲಿ .38 ಸೂಪರ್ ಎಂಬ ಹಳೇ ತೋಟಾ ಹೀಗೆ ಮತ್ತೆ ಬೆಳಕಿಗೆ ಬಂತು. ರಾಬ್ ಲೇಥಮ್, ಬ್ರಯನ್ ಈನೊಸ್‌ರಂಥವರು ಅದನ್ನು ಹಿಡಿದು ಗೆದ್ದ ಮೇಲೆ .45 ಹಿಡಿದ ಹಿರಿಯರು ಗೊಣಗಿದರು, ಆಮೇಲೆ ತಾವೂ ಕೊಂಡರು.

ಇಂಥ ಮಾರ್ಪಾಡುಗಳಿಗೆ ಅವಕಾಶವಿರುವ 'ಓಪನ್' ವಿಭಾಗದ ಪಿಸ್ತೂಲನ್ನು ಹತ್ತಿರದಿಂದ ನೋಡಿದರೆ ಅದು ಪಿಸ್ತೂಲಿಗಿಂತ ಪ್ರಯೋಗಶಾಲೆಯ ಉಪಕರಣದಂತೆ ಕಾಣುತ್ತದೆ. ನಳಿಗೆಯ ತುದಿಗೆ ಬೆರಳುದ್ದದ ಉಕ್ಕಿನ ಗಟ್ಟಿ, ಅದರೊಳಗೆ ಅಡ್ಡಗೋಡೆ ಹಾಕಿ ಮಾಡಿದ ಮೂರು ನಾಲ್ಕು ಕೋಣೆಗಳು. ಪ್ರತಿ ಗೋಡೆಗೂ ಗ್ಯಾಸ್ ಮುಂದಕ್ಕೆ ಬಡಿಯುತ್ತದೆ, ಬಡಿದಷ್ಟೂ ಪಿಸ್ತೂಲನ್ನು ಮುಂದಕ್ಕೆ ಎಳೆಯುತ್ತದೆ. ಕೋಣೆಯ ಬಾಯಿಂದ ಮೇಲಕ್ಕೆ ಹೋಗುವಾಗ ಮೂತಿಯನ್ನು ಕೆಳಕ್ಕೆ ಒತ್ತುತ್ತದೆ. ಅದರ ಹಿಂದೆ ನಳಿಗೆಯಲ್ಲೇ ಒಂದೆರಡು ತೂತು ಬೇರೆ. ಗುರಿ ನೋಡುವ ಕೆಂಪು ಚುಕ್ಕೆಯ ಗಾಜಿಗೆ ಮಸಿ ಹಿಡಿಯುತ್ತಲೇ ಇರುತ್ತದೆ, ಅದನ್ನು ಒರೆಸಲು ಜೇಬಿನಲ್ಲಿ ಬಟ್ಟೆ. ಪಕ್ಕದಲ್ಲಿ ನಿಂತವನ ಎದೆಗೆ ಪ್ರತಿ ಗುಂಡಿಗೂ ಗಾಳಿಯ ಗುದ್ದು. ಆದರೆ ಹೊಡೆಯುವವನ ಕೈಯಲ್ಲಿ ಮೂತಿ ಅಲುಗಿದ್ದೇ ಕಾಣದು. ಒಂದು ಗುಂಡಿಗೂ ಇನ್ನೊಂದಕ್ಕೂ ನಡುವೆ ಸೆಕೆಂಡಿನ ಐದನೇ ಒಂದು ಭಾಗವೂ ಇಲ್ಲದೆ ಎರಡೂ ಒಂದೇ ಜಾಗಕ್ಕೆ ಹೋಗುತ್ತವೆ. ಗ್ಯಾಸ್ ತಿರುಗಿಸುವುದು ವ್ಯರ್ಥ ಎನ್ನುವವರು ಒಂದು ಮಧ್ಯಾಹ್ನ ಇದನ್ನು ನೋಡಬೇಕು.

ಅದೇ ಆಟದ 'ಪ್ರೊಡಕ್ಷನ್' ವಿಭಾಗವನ್ನೂ ನೋಡಬೇಕು. ಅಲ್ಲಿ ಕಿಂಡಿ, ಕಾಂಪೆನ್ಸೇಟರ್ ಎರಡೂ ನಿಷಿದ್ಧ. ಗೆಲ್ಲಬೇಕಾದವರು ಏನು ಮಾಡಿದರು? ತೂಕ ಹೆಚ್ಚಿಸಿದರು. ಝೆಕ್ ದೇಶದ ಸಿಝಡ್ ಶ್ಯಾಡೋ 2 ಪಿಸ್ತೂಲು ಪೂರ್ತಿ ಉಕ್ಕು, ಬರಿದೇ ಇದ್ದಾಗಲೇ 1.3 ಕಿಲೋ. ಸಾಮಾನ್ಯ ಪ್ಲಾಸ್ಟಿಕ್ ಚೌಕಟ್ಟಿನ ಗ್ಲಾಕ್ 17 ಗುಂಡು ತುಂಬಿದ ಮೇಲೂ 900 ಗ್ರಾಂ ಆಸುಪಾಸು. ಅದೇ 9 ಎಂಎಂ ತೋಟಾ ಹಾಕಿ ಲೆಕ್ಕ ಮಾಡಿದರೆ ಗ್ಲಾಕಿನ ಒದೆತದ ಶಕ್ತಿ 5 ಜೂಲ್, ಶ್ಯಾಡೋದ್ದು 3. ನೂರಕ್ಕೆ ನಲವತ್ತು ಕಡಿತ, ಒಂದು ತೂತೂ ಇಲ್ಲದೆ. ಯಾವ ಪೋರ್ಟಿಂಗ್ ಕೂಡ 9 ಎಂಎಂನಲ್ಲಿ ಈ ಸಂಖ್ಯೆಯ ಹತ್ತಿರ ಸುಳಿಯದು.

ತೂಕ ಕಡಿಮೆ ಮಾಡಿದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ. ಸ್ಮಿತ್ ಅಂಡ್ ವೆಸನ್ 340ಪಿಡಿ ಎಂಬ ಜೇಬಿನ ರಿವಾಲ್ವರ್ ಸ್ಕ್ಯಾಂಡಿಯಂ ಬೆರೆಸಿದ ಲೋಹದ್ದು, 325 ಗ್ರಾಂ ಆಸುಪಾಸು, ಹಾಕುವ ಗುಂಡು .357 ಮ್ಯಾಗ್ನಮ್. ಪೂರ್ತಿ ಮದ್ದಿನ ತೋಟಾ ಹಾಕಿದರೆ ಅದು ಸೆಕೆಂಡಿಗೆ ಒಂಬತ್ತು ಹತ್ತು ಮೀಟರ್ ವೇಗದಲ್ಲಿ ಅಂಗೈಗೆ ಬಡಿಯುತ್ತದೆ. ಒದೆತದ ಶಕ್ತಿ 19 ಜೂಲ್, 1.3 ಕಿಲೋ ತೂಕದ .44 ಮ್ಯಾಗ್ನಮ್ ರಿವಾಲ್ವರಿನದು 22. ಹೆಚ್ಚುಕಡಿಮೆ ಒಂದೇ. ಜೇಬಿನಲ್ಲಿ ಇದ್ದದ್ದೇ ಗೊತ್ತಾಗುವುದಿಲ್ಲ ಅಂತ ಕೊಂಡವರು ಆರನೇ ಗುಂಡು ಹೊಡೆಯಲು ಒಲ್ಲೆ ಅನ್ನುವುದು ಇದಕ್ಕೇ. ಮೋಟು ನಳಿಗೆಯ ಈ ಪುಟ್ಟ ಪಿಸ್ತೂಲುಗಳಿಗೆ ಕಿಂಡಿ ಕೊರೆಸುವವರೂ ಇದ್ದಾರೆ. ಸನ್ನೆಗೋಲು ಗಿಡ್ಡವಾಯಿತಲ್ಲ, ಲಾಭವೂ ಗಿಡ್ಡ.

ಇನ್ನು ನಷ್ಟದ ಬಾಬತ್ತು. ಮೊದಲನೆಯದು ಸದ್ದು. ಪಿಸ್ತೂಲಿನ ಸದ್ದು ಹೇಗೂ 155ರಿಂದ 165 ಡೆಸಿಬೆಲ್. 140 ದಾಟಿದ ಹೊಡೆತದ ಸದ್ದು ಕಿವಿಗೆ ಶಾಶ್ವತ ಪೆಟ್ಟು ಕೊಡಬಲ್ಲದು. ಕಿಂಡಿಯಿಂದ ಸದ್ದು ಹುಟ್ಟುವ ಜಾಗ ಕಿವಿಗೆ ಹತ್ತಿರ ಬರುತ್ತದೆ, ದಿಕ್ಕೂ ಮುಖದ ಕಡೆಗೆ ತಿರುಗುತ್ತದೆ. ರೇಂಜಿನಲ್ಲಿ ಕಿವಿಮುಚ್ಚು ಇರುತ್ತದೆ, ಚಿಂತೆಯಿಲ್ಲ. ರಾತ್ರಿ ಮನೆಯೊಳಗೆ ನುಗ್ಗಿದ ಕಳ್ಳನೆದುರು ಅದನ್ನು ಹಾಕಿಕೊಳ್ಳಲು ಪುರಸೊತ್ತಿರುವುದಿಲ್ಲ. ಎರಡನೆಯದು ಬೆಳಕು. ಕತ್ತಲಲ್ಲಿ ಉರಿಯ ನಾಲಿಗೆ ಸರಿಯಾಗಿ ಗುರಿಯ ಸಾಲಿನಲ್ಲೇ ಏಳುತ್ತದೆ. ಕಣ್ಣು ಕೋರೈಸುವುದು ಎಷ್ಟು ಎಂಬುದರಲ್ಲಿ ಭಿನ್ನಾಭಿಪ್ರಾಯವಿದೆ. ಮದ್ದಿನ ಬಗೆಯ ಮೇಲೆ ಅದು ತುಂಬ ಬದಲಾಗುತ್ತದೆ. ಈ ದೂರನ್ನು ವಿರೋಧಿಗಳು ಸ್ವಲ್ಪ ಹಿಗ್ಗಿಸಿಯೇ ಹೇಳುತ್ತಾರೆ ಎಂಬುದು ನನ್ನ ಅನಿಸಿಕೆ.

ಮೂರನೆಯದರಲ್ಲಿ ಉತ್ಪ್ರೇಕ್ಷೆಯಿಲ್ಲ. ಎದುರಾಳಿ ಮೈಮೇಲೆ ಬಿದ್ದಾಗ ಕೈ ಚಾಚಿ ಗುರಿಯಿಡಲು ಆಗದು. ಪಿಸ್ತೂಲನ್ನು ಪಕ್ಕೆಲುಬಿಗೆ ಒತ್ತಿ ಹಿಡಿದು ಹೊಡೆಯುವುದನ್ನು ಅಲ್ಲಿನ ಪೊಲೀಸರಿಗೆ ಕಲಿಸುತ್ತಾರೆ. ಆ ಭಂಗಿಯಲ್ಲಿ ನಳಿಗೆಯ ಕಿಂಡಿಗಳು ನೋಡುವುದು ಹೊಡೆಯುವವನ ಗದ್ದವನ್ನು, ಕಣ್ಣನ್ನು. ಬಿಸಿ ಗ್ಯಾಸು, ಸುಡದೇ ಉಳಿದ ಮದ್ದಿನ ಕಾಳು, ಸೀಸದ ಚೂರು ಎಲ್ಲ ಅಲ್ಲಿಗೇ. ಆತ್ಮರಕ್ಷಣೆಗೆ ಇಟ್ಟುಕೊಳ್ಳುವ ಪಿಸ್ತೂಲಿಗೆ ಇದೊಂದೇ ಕಾರಣ ಸಾಕು, ಬೇಡ ಅನ್ನಲು.

ಸಣ್ಣಪುಟ್ಟವು ಇನ್ನೂ ಇವೆ. ಕಿಂಡಿಯಲ್ಲಿ ಒತ್ತಡ ಸೋರುವುದರಿಂದ ಗುಂಡಿನ ವೇಗ ಒಂದಿಷ್ಟು ಇಳಿಯುತ್ತದೆ; ಹೆಚ್ಚಿಲ್ಲ, ಆದರೆ ಗಿಡ್ಡ ನಳಿಗೆಯಲ್ಲಿ ಅದೂ ಲೆಕ್ಕಕ್ಕೆ ಬರುತ್ತದೆ. ತಾಮ್ರದ ಹೊದಿಕೆಯಿಲ್ಲದ ಸೀಸದ ಗುಂಡು ಹಾಕಿದರೆ ಕಿಂಡಿ ಕಟ್ಟಿಕೊಳ್ಳುತ್ತದೆ. ಮುಂದಿನ ಗುರಿಮೊನೆಗೆ ಮಸಿ ಹಿಡಿಯುತ್ತದೆ. ಮೂತಿಗೆ ಕಾಂಪೆನ್ಸೇಟರ್ ಸಿಕ್ಕಿಸಿದರೆ ನಳಿಗೆಯ ತೂಕ ಹೆಚ್ಚಿ, ಸ್ಲೈಡ್ ಪೂರ್ತಿ ಹಿಂದೆ ಹೋಗದೆ ಖಾಲಿ ತೋಟಾ ಸಿಕ್ಕಿಕೊಳ್ಳುವುದುಂಟು; ಆಗ ಸ್ಪ್ರಿಂಗ್ ಬದಲಿಸು, ತೋಟಾ ಬದಲಿಸು ಅಂತ ಪೀಕಲಾಟ. ನಳಿಗೆಗೆ ನೇರವಾಗಿ ಕಿಂಡಿ ಕೊರೆದದ್ದರಲ್ಲಿ ಆ ತೂಕದ ತೊಂದರೆ ಇಲ್ಲ. ಅದರ ಪರವಾಗಿ ಹೇಳಬಹುದಾದ ದೊಡ್ಡ ಮಾತು ಇದೇ: ಉದ್ದ ಹೆಚ್ಚುವುದಿಲ್ಲ, ತೂಕ ಹೆಚ್ಚುವುದಿಲ್ಲ, ಚೀಲ ಬದಲಿಸಬೇಕಿಲ್ಲ.

ಆದರೂ ಕಾರ್ಖಾನೆಗಳು ಇದನ್ನು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಗ್ಲಾಕ್ ಕಂಪನಿ ಹೆಸರಿನ ಕೊನೆಗೆ 'ಸಿ' ಹಾಕಿ ಕಿಂಡಿಯ ನಳಿಗೆಗಳನ್ನು ಮಾರಿತು. ಸಿಗ್ ಸಾವರ್ 2022ರಲ್ಲಿ ತಂದ ಪಿ365 ಎಕ್ಸ್‌ಮ್ಯಾಕ್ರೊದಲ್ಲಿ ಒಂದು ಜಾಣತನವಿದೆ: ನಳಿಗೆಗೆ ತೂತಿಲ್ಲ, ನಳಿಗೆಯನ್ನೇ ಗಿಡ್ಡ ಮಾಡಿ, ಅದರ ಮುಂದಕ್ಕೆ ಚಾಚಿದ ಸ್ಲೈಡಿನಲ್ಲಿ ಸೀಳು ಬಿಟ್ಟಿದ್ದಾರೆ. ಸಿಕ್ಕಿಸಬೇಕಾದ ಬಿಡಿಭಾಗವಿಲ್ಲ. ಕ್ಯಾಲಿಫೋರ್ನಿಯಾದಂಥ ರಾಜ್ಯದಲ್ಲಿ ಮೂತಿಗೆ ತಿರುಪು ಕೊರೆದ ಅರೆ-ಸ್ವಯಂಚಾಲಿತ ಪಿಸ್ತೂಲು ಕಾನೂನಿನ ಕಣ್ಣಲ್ಲಿ 'ಅಸಾಲ್ಟ್ ವೆಪನ್' ಆಗಿಬಿಡುತ್ತದೆ. ಕಾಂಪೆನ್ಸೇಟರ್ ಸಿಕ್ಕಿಸಲು ಆ ತಿರುಪು ಬೇಕು, ಕಿಂಡಿಗೆ ಬೇಡ. ಕೆಲವರ ಆಯ್ಕೆಯ ಹಿಂದೆ ಭೌತಶಾಸ್ತ್ರಕ್ಕಿಂತ ದಂಡಸಂಹಿತೆಯೇ ಇದೆ.

ಒದೆತ ಕಡಿಮೆ ಮಾಡಬೇಕೆಂದು ಗಂಭೀರವಾಗಿ ಕೂತು ಯೋಚಿಸಿದ ಒಂದು ಸಂಸ್ಥೆ ಎಫ್‌ಬಿಐ. 1986ರ ಮಯಾಮಿ ಗುಂಡಿನ ಕಾಳಗದಲ್ಲಿ ಇಬ್ಬರು ಏಜೆಂಟರು ಸತ್ತ ಮೇಲೆ ಅವರು 10 ಎಂಎಂಗೆ ಹೋದರು. ಅದು ಬಹುಪಾಲು ಏಜೆಂಟರ ಕೈಗೆ ಭಾರವಾಯಿತು. ಅದನ್ನೇ ಗಿಡ್ಡ ಮಾಡಿದ .40 ತೋಟಾ 1990ರಲ್ಲಿ ಬಂತು, ಇಡೀ ದೇಶದ ಪೊಲೀಸರು ಅದನ್ನು ಹಿಡಿದರು. ಕೊನೆಗೆ 2016ರಲ್ಲಿ ಎಫ್‌ಬಿಐ ಹೊಸ ಗ್ಲಾಕ್ ಕೊಂಡಾಗ ಮರಳಿ ಬಂದದ್ದು 9 ಎಂಎಂಗೆ. ಗುಂಡುಗಳ ವಿನ್ಯಾಸ ಸುಧಾರಿಸಿತ್ತು, ಒದೆತ ಕಡಿಮೆ ಇದ್ದದ್ದರಿಂದ ಜನ ಬೇಗ ಮತ್ತು ನೆಟ್ಟಗೆ ಹೊಡೆಯುತ್ತಿದ್ದರು. ದುಡ್ಡಿಗೇನೂ ಬರವಿಲ್ಲದ ಆ ಸಂಸ್ಥೆ .40 ಇಟ್ಟುಕೊಂಡು ನಳಿಗೆಗೆ ತೂತು ಕೊರೆಸಬಹುದಿತ್ತು. ಕೊರೆಸಲಿಲ್ಲ, ತೋಟಾವನ್ನೇ ಬದಲಿಸಿತು.

ಒಲಿಂಪಿಕ್ಸ್ ಅಂಗಳದಲ್ಲೂ ಮೂತಿಯ ಎಗರಿನ ಮೇಲೆ ಯುದ್ಧ ನಡೆದಿದೆ. 1956ರ ಮೆಲ್ಬರ್ನ್‌ನಲ್ಲಿ ಸೋವಿಯತ್ ಶೂಟರ್ ಯೆವ್ಗೆನಿ ಚೆರ್ಕಾಸೊವ್ 25 ಮೀಟರ್ ರ‍್ಯಾಪಿಡ್ ಫೈರ್‌ನಲ್ಲಿ ಬೆಳ್ಳಿ ಗೆದ್ದ ಪಿಸ್ತೂಲು ತಲೆಕೆಳಗಾದದ್ದು. ಎಂಟಿಎಸ್-3 ಎಂಬ ಅದರ ನಳಿಗೆ ಮುಷ್ಟಿಯ ಮೇಲಿರದೆ ಕೈಯ ನೇರಕ್ಕೇ ಇತ್ತು. ಮೂತಿ ಎಗರಲು ಸನ್ನೆಗೋಲೇ ಇಲ್ಲ. ಕಿಂಡಿ, ಕೋಣೆ, ಗ್ಯಾಸು ಎಲ್ಲದಕ್ಕಿಂತ ಬುಡಕ್ಕೇ ಕೈ ಹಾಕಿದ ಪರಿಹಾರ ಅದು. ಅಂತರರಾಷ್ಟ್ರೀಯ ಒಕ್ಕೂಟಕ್ಕೆ ಹಿಡಿಸಲಿಲ್ಲ. ನಳಿಗೆಯ ನೇರ ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಪೊರೆಗಿಂತ ಮೇಲೆಯೇ ಹಾದುಹೋಗಬೇಕು ಎಂಬ ನಿಯಮ ಬಂತು. ನಮ್ಮ ವಿಜಯ್ ಕುಮಾರ್ 2012ರ ಲಂಡನ್‌ನಲ್ಲಿ ಇದೇ ಸ್ಪರ್ಧೆಯಲ್ಲಿ ಬೆಳ್ಳಿ ಗೆದ್ದರು. ಅಲ್ಲಿನ ಕೊನೆಯ ಸುತ್ತುಗಳಲ್ಲಿ ನಾಲ್ಕು ಸೆಕೆಂಡಿನೊಳಗೆ ಐದು ಗುರಿಗೆ ಐದು ಗುಂಡು. ಎರಡನೇ ಗುಂಡಿನ ಬೆಲೆ ಅಲ್ಲಿ ಗೊತ್ತಾಗುತ್ತದೆ.

ಬೆಂಗಳೂರಿನ ಪ್ರಕಾಶ್ ನಂಜಪ್ಪ 2013ರ ಚಾಂಗ್ವಾನ್ ವಿಶ್ವಕಪ್ಪಿನಲ್ಲಿ ಕಂಚು ಗೆದ್ದ 10 ಮೀಟರ್ ಏರ್ ಪಿಸ್ತೂಲಿನ ಕಥೆ ಇನ್ನೊಂದು ಬಗೆ. ಈ ಆಟದ ಉತ್ತಮ ಪಿಸ್ತೂಲುಗಳಾದ ಸ್ಟೈಯರ್, ಮೊರಿನಿಗಳ ನಳಿಗೆಯಲ್ಲೂ ಸಾಲು ತೂತುಗಳಿವೆ. ಅರ್ಧ ಗ್ರಾಮಿನ ಪೆಲೆಟ್, 150 ಮೀಟರ್ ವೇಗ, ಒದೆತ 9 ಎಂಎಂನ ನಲವತ್ತನೇ ಒಂದು ಭಾಗ. ಒಂದೂವರೆ ಕಿಲೋ ತನಕ ತೂಗಬಹುದಾದ ಪಿಸ್ತೂಲಿಗೆ ಅದು ಯಾವ ಲೆಕ್ಕ ಅನ್ನಿಸುತ್ತದೆ. ಆದರೆ ಅಲ್ಲಿ ಹತ್ತರ ವೃತ್ತದ ಅಗಲ ಹನ್ನೊಂದೂವರೆ ಮಿಲಿಮೀಟರ್. ಪೆಲೆಟ್ಟಿನ ಬೆನ್ನಿಗೆ ಬರುವ ಗಾಳಿ ಮೂತಿಯಲ್ಲಿ ಅದನ್ನು ತಟ್ಟಿ ಓಲಾಡಿಸಬಾರದು, ಕಣ್ಣು ಗುರಿಯ ಮೇಲೇ ನಿಂತಿರಬೇಕು. ಅಷ್ಟಕ್ಕಾಗಿ ಆ ತೂತು. ಒಂದು ಗುಂಡಿಗೂ ಇನ್ನೊಂದಕ್ಕೂ ನಡುವೆ ಬೇಕಾದಷ್ಟು ಬಿಡುವಿರುವ ಈ ಆಟದಲ್ಲಿ ಕಿಂಡಿ ಮೊದಲನೇ ಗುಂಡಿಗೇ ದುಡಿಯುತ್ತದೆ. ನಾನು ಮೇಲೆ ಹೇಳಿದ್ದಕ್ಕೆ ಇದೊಂದು ಅಪವಾದ.

ನಮ್ಮಲ್ಲಿ ಲೈಸೆನ್ಸ್ ಪಡೆದು ಪಿಸ್ತೂಲು ಇಟ್ಟುಕೊಂಡವರಿಗೆ ಈ ಪ್ರಶ್ನೆ ಏಳುವುದೇ ಅಪರೂಪ. 9 ಎಂಎಂ ನಾಗರಿಕರಿಗೆ ನಿಷಿದ್ಧ. ಕಾನ್ಪುರದ ಆರ್ಡ್‌ನೆನ್ಸ್ ಕಾರ್ಖಾನೆ 2014ರಲ್ಲಿ ಹೆಣ್ಣುಮಕ್ಕಳಿಗೆಂದು ತಂದ ಅರ್ಧ ಕಿಲೋದ 'ನಿರ್ಭೀಕ್' ರಿವಾಲ್ವರ್ .32ರದ್ದು. ಅದರ ಒದೆತ 2 ಜೂಲ್ ಕೂಡ ಮುಟ್ಟುವುದಿಲ್ಲ, ಅದರಲ್ಲಿ ಗ್ಯಾಸಿನ ಪಾಲು ನೂರಕ್ಕೆ ನಾಲ್ಕು. ಕಿಂಡಿ ಕೊರೆದರೆ ಹೋಗುವುದು ಒಳ್ಳೆಯ ನಳಿಗೆಯೊಂದೇ. ಜೊತೆಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮು ಶಸ್ತ್ರ ರಿಪೇರಿ, ಮಾರ್ಪಾಡಿಗೆ ಪ್ರತ್ಯೇಕ ಲೈಸೆನ್ಸ್ ಕೇಳುತ್ತದೆ. ಗುರುತಿನ ಲೇತ್‌ನವನ ಹತ್ತಿರ ಮಾಡಿಸಿಕೊಳ್ಳುವ ಕೆಲಸ ಇದಲ್ಲ.

ಅಮೆರಿಕದಲ್ಲಿರುವ ನೆಂಟರ ಹುಡುಗ ಕೇಳಿದರೆ ನಾನು ಹೇಳುವುದಿಷ್ಟು. ಓಪನ್ ವಿಭಾಗದಲ್ಲಿ ಆಡುತ್ತೀಯಾ, ಕಾಂಪೆನ್ಸೇಟರ್ ಇಲ್ಲದೆ ಹೋಗಲೇಬೇಡ. ಉದ್ದ ನಳಿಗೆಯ ಮ್ಯಾಗ್ನಮ್ ಇದೆಯಾ, ಬಿಸಿಲಲ್ಲಿ ಹಂದಿ ಬೇಟೆಗೆ ಹೋಗುತ್ತೀಯಾ, ಧಾರಾಳವಾಗಿ ಕೊರೆಸು. ಹಾಸಿಗೆ ಪಕ್ಕದ ಡ್ರಾಯರಿನಲ್ಲಿಡುವ 9 ಎಂಎಂ ಆದರೆ ಆ ದುಡ್ಡಿಗೆ ತೋಟಾ ಕೊಂಡು ತಿಂಗಳಿಗೆರಡು ಸಲ ರೇಂಜಿಗೆ ಹೋಗು, ಹಿಡಿತ ಕಲಿಸುವವರ ಹತ್ತಿರ ಒಂದು ದಿನ ಕೂರು. ಅಲ್ಲಿನ ಅನೇಕ ರೇಂಜುಗಳಲ್ಲಿ ಪಿಸ್ತೂಲು ಬಾಡಿಗೆಗೆ ಸಿಗುತ್ತದೆ. ಕಿಂಡಿ ಇರುವುದನ್ನೂ ಇಲ್ಲದ್ದನ್ನೂ ಒಂದೇ ತೋಟಾ ಹಾಕಿ, ಒಂದಾದ ಮೇಲೊಂದು ಹೊಡೆದು ನೋಡು. ವ್ಯತ್ಯಾಸ ಹುಡುಕಬೇಕಾಗಿ ಬಂದರೆ ವ್ಯತ್ಯಾಸವಿಲ್ಲ ಅಂತಲೇ ಲೆಕ್ಕ. ಅಷ್ಟಾದ ಮೇಲೂ ಬೇಕೇ ಬೇಕು ಅನ್ನಿಸಿದರೆ ಪಿಸ್ತೂಲಿಗೆ ಕಿಂಡಿಯ ನಳಿಗೆಯನ್ನು ಬೇರೆಯಾಗಿ ಕೊಂಡು ಹಾಕಬಹುದು, ಹಳೆಯದನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಬಹುದು. ರಿವಾಲ್ವರಿಗೆ ಆ ಅನುಕೂಲ ಇಲ್ಲ. ಅದರ ನಳಿಗೆ ಚೌಕಟ್ಟಿಗೇ ಬಿಗಿದಿರುತ್ತದೆ, ಒಮ್ಮೆ ಕೊರೆಸಿದರೆ ಮುಚ್ಚಲು ಬರುವುದಿಲ್ಲ, ಮಾರಲು ಹೋದಾಗ ಕೊಳ್ಳುವವನು ಮೊದಲು ಬೆರಳಿಡುವುದೂ ಆ ಕಿಂಡಿಯ ಮೇಲೇ.